ವಿಶೇಷ ಅಗತ್ಯದ ಮಗುವಿರುವ ಮನೆಗೆ ಮುಯ್ಯಾಳಾಗುವುದು ಹೇಗೆ

ನಾಟಿಯ ಕಾಲ, ಕೊನೆಕೊಯ್ಲಿನ ಕಾಲ ಬಂತೆಂದರೆ ನಮ್ಮ ಕಡೆಯ ಊರುಗಳಲ್ಲಿ ಮುಯ್ಯಾಳಿನ ಲೆಕ್ಕ ಶುರುವಾಗುತ್ತದೆ. ಈ ದಿನ ನಿಮ್ಮ ಗದ್ದೆಗೆ ನಮ್ಮ ಮನೆಯಿಂದ ಇಬ್ಬರು ಬಂದರೆ, ನಮ್ಮ ಗದ್ದೆಯ ದಿನ ನಿಮ್ಮ ಮನೆಯಿಂದ ಇಬ್ಬರು ಬರುತ್ತೀರಿ. ಕೂಲಿಯ ಮಾತಿಲ್ಲ, ಉಪಕಾರದ ಭಾರವೂ ಇಲ್ಲ. ಎಷ್ಟು ಹೊತ್ತಿಗೆ ಬರಬೇಕು, ಯಾವ ಕೆಲಸ, ಎಷ್ಟು ದಿನ ಎಂಬುದು ಎರಡೂ ಮನೆಗೆ ಮೊದಲೇ ಗೊತ್ತಿರುತ್ತದೆ. ಅಂಗವೈಕಲ್ಯವಿರುವ ಅಥವಾ ನಿರಂತರ ಆರೈಕೆ ಬೇಕಾದ ಕಾಯಿಲೆಯಿರುವ ಮಗುವಿನ ಮನೆಗೆ ನೆರವಾಗಬೇಕೆಂದಿರುವ ನೆಂಟರು, ನೆರೆಹೊರೆಯವರು, ಸ್ವಸಹಾಯ ಸಂಘದವರು ಇದೇ ಕ್ರಮವನ್ನು ಹಿಡಿಯಬೇಕು ಎಂಬುದು ಹನ್ನೊಂದು ವರ್ಷಗಳಿಂದ ಅಂಥ ಒಂದು ಮನೆಯನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಉಳಿದಿರುವ ತಿಳಿವಳಿಕೆ.

ಆ ಮನೆ ನನ್ನ ಚಿಕ್ಕಮ್ಮನ ಮಗಳದ್ದು. ತೀರ್ಥಹಳ್ಳಿಯಿಂದ ಆಗುಂಬೆಯ ದಿಕ್ಕಿಗೆ ಹೋಗಿ, ಡಾಂಬರು ರಸ್ತೆ ಬಿಟ್ಟು, ಒಂದು ಕಾಲುಸಂಕ ದಾಟಿ, ತೋಟದ ಅಂಚಿನಲ್ಲಿ ನಡೆದರೆ ಸಿಗುವ ಒಂಟಿ ಮನೆ. ಮಗನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಮೈಕೈಯ ಹಿಡಿತ ತಪ್ಪುವ ಸ್ಥಿತಿ. ಕುತ್ತಿಗೆ ನಿಲ್ಲುವುದು ತಡವಾಯಿತು, ಕಾಲುಗಳು ಬಿಗಿ, ಮಾತು ಕೆಲವೇ ಶಬ್ದಗಳಷ್ಟು, ಆದರೆ ಅಂಗಳಕ್ಕೆ ಬಂದವರು ಯಾರೆಂದು ಹೆಜ್ಜೆಯ ಸದ್ದಿನಲ್ಲೇ ಗುರುತಿಸುತ್ತಾನೆ. ಒಮ್ಮೆ ಅವಳು ನನ್ನೊಡನೆ ಹೇಳಿದ ಮಾತು ಈ ಲೇಖನಕ್ಕೆ ಕಾರಣ: “ಬಂದವರೆಲ್ಲ ಹಣ್ಣು, ಬಿಸ್ಕತ್ತು ತರ್ತಾರೆ ಅಣ್ಣ. ಗುರುವಾರ ಬಸ್‌ಸ್ಟ್ಯಾಂಡಿನ ತನಕ ಚೀಲ ಹಿಡ್ಕೊಳ್ಳೋಕೆ ಒಬ್ಬರು ಸಿಕ್ಕಿದ್ರೆ ಸಾಕಿತ್ತು.” ಆಗ ಮಗನಿಗೆ ಏಳು ವರ್ಷ, ಅವನನ್ನು ಸೊಂಟದ ಮೇಲೆ ಹೊತ್ತು, ಇನ್ನೊಂದು ಕೈಯಲ್ಲಿ ಫೈಲು, ಊಟದ ಡಬ್ಬಿ, ಬದಲಿ ಬಟ್ಟೆಯ ಚೀಲ ಹಿಡಿದು ಅವಳು ವಾರವಾರ ಸಂಕ ದಾಟುತ್ತಿದ್ದಳು. ಹಣ್ಣು ತಂದವರಲ್ಲಿ ನಾನೂ ಒಬ್ಬನಾಗಿದ್ದೆ.

ಮೊದಲ ಭೇಟಿಯಲ್ಲಿ ಆಡುವ ಮಾತು

ಮನೆಗೆ ಹೋದ ಕೂಡಲೇ ಮಗುವನ್ನು ಹೆಸರು ಹಿಡಿದು ಮಾತನಾಡಿಸಿ. ಉತ್ತರ ಬರುವುದಿಲ್ಲವೆಂದು ಅದರ ತಲೆಯ ಮೇಲಿಂದ ತಾಯಿಯೊಡನೆ ಮಾತು ಶುರುಮಾಡಬೇಡಿ. ಮಾತು ಬಾರದ ಮಗುವಿಗೆ ಮಾತು ತಿಳಿಯುವುದಿಲ್ಲ ಎಂದುಕೊಳ್ಳುವುದು ನಾವು ಮಾಡುವ ಮೊದಲ ತಪ್ಪು. “ಯಾರ ಕಡೆಯಿಂದ ಬಂತು”, “ಬಸುರಿಯಲ್ಲಿ ಏನಾದರೂ ತಿಂದಿದ್ದೆಯಾ”, “ಯಾವ ಜನ್ಮದ್ದೋ ಏನೋ” ಎಂಬ ಮಾತುಗಳು ಕನಿಕರದಿಂದಲೇ ಬಂದರೂ ತಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸುತ್ತವೆ. ಅವುಗಳನ್ನು ಆಡದಿರುವುದೇ ಒಂದು ನೆರವು.

ಔಷಧಿಯ ಸಲಹೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಎಲ್ಲೋ ಒಬ್ಬರು ಬೇರು ಕೊಡುತ್ತಾರೆ, ಅಲ್ಲಿ ಹೋಗಿ ಮಾತ್ರೆ ಬಿಟ್ಟರೆ ವಾಸಿಯಾಗುತ್ತದೆ ಎಂಬ ಸುದ್ದಿಯನ್ನು ಮೂರ್ಛೆರೋಗವಿರುವ ಮಗುವಿನ ಮನೆಗೆ ಹೊತ್ತುಕೊಂಡು ಹೋಗಬೇಡಿ. ಮೂರ್ಛೆಯ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಬಿಟ್ಟೂ ಬಿಡದೆ ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಹರಕೆ, ಪೂಜೆ ಮನೆಯವರ ನಂಬಿಕೆಗೆ ಬಿಟ್ಟದ್ದು. ಅದು ಮಾತ್ರೆಯ ಜೊತೆಯಲ್ಲಿ ನಡೆಯಲಿ, ಮಾತ್ರೆಯ ಜಾಗದಲ್ಲಿ ನಡೆಯಬಾರದು.

ಒಂದು ಕೆಲಸ, ಒಂದು ವಾರ

“ಏನಾದರೂ ಬೇಕಾದರೆ ಹೇಳಿ” ಎಂದು ಹೇಳಿ ಹೊರಟವರಿಗೆ ಯಾರೂ ಏನನ್ನೂ ಹೇಳಿ ಕಳಿಸುವುದಿಲ್ಲ. ಕೇಳುವ ಹೊಣೆ ಮತ್ತೆ ದಣಿದವರ ಮೇಲೇ ಬೀಳುತ್ತದೆ, ಕೇಳಿದರೆ ಇಲ್ಲವೆನ್ನಿಸಿಕೊಳ್ಳುವ ಭಯವೂ ಇರುತ್ತದೆ. ಆದ್ದರಿಂದ ಬಿಡುವಿರುವ ಒಂದು ಮಧ್ಯಾಹ್ನ ತಾಯಿಯೊಡನೆ ಜಗಲಿಯಲ್ಲಿ ಕುಳಿತು ಅವಳ ವಾರವನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಾಳೆ, ಹಾಲು ಕರೆಯುವುದು ಯಾವಾಗ, ಮಗುವಿಗೆ ಒಂದು ಹೊತ್ತು ಉಣಿಸಲು ಎಷ್ಟು ಸಮಯ ಬೇಕು, ರಾತ್ರಿ ಎಷ್ಟು ಸಲ ಏಳಬೇಕಾಗುತ್ತದೆ, ಫಿಸಿಯೋಥೆರಪಿಗೆ ಯಾವ ದಿನ ಹೋಗಬೇಕು ಎಂಬುದನ್ನೆಲ್ಲ ಬರೆದಾಗ ಬಿರುಕು ಎಲ್ಲಿದೆ ಎಂಬುದು ಕಾಣುತ್ತದೆ. ನನ್ನ ತಂಗಿಯ ಹಾಳೆಯಲ್ಲಿ ಮೂರು ಹೊತ್ತಿನ ಊಟಕ್ಕೇ ದಿನದ ಮೂರು ಗಂಟೆ ಹೋಗುತ್ತಿತ್ತು. ಅದನ್ನು ಬರೆಯುವವರೆಗೆ ಒಂದೇ ಸೂರಿನಡಿ ಇದ್ದ ಅವಳ ಗಂಡನಿಗೂ ಆ ಲೆಕ್ಕ ತಿಳಿದಿರಲಿಲ್ಲ.

ಬಳಿಕ ಅದರಲ್ಲಿ ಒಂದೇ ಒಂದು ಕೆಲಸವನ್ನು ಆರಿಸಿಕೊಂಡು ಅದಕ್ಕೊಂದು ದಿನ ಕಟ್ಟಿಕೊಳ್ಳಿ: ಸೋಮವಾರ ಸಂಜೆ ಎರಡು ಗಂಟೆ ಮಗುವಿನ ಬಳಿ ಇರುವುದು, ತಿಂಗಳ ಮೊದಲ ವಾರ ಪೇಟೆಯಿಂದ ಮಾತ್ರೆ ತರುವುದು, ಗುರುವಾರ ಬಸ್ಸಿನವರೆಗೆ ಬೈಕಿನಲ್ಲಿ ಬಿಡುವುದು, ಇನ್ನೊಂದು ಮಗುವನ್ನು ಶಾಲೆಯಿಂದ ಕರೆತರುವುದು. ಸ್ವಸಹಾಯ ಸಂಘದವರಾದರೆ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಐದು ನಿಮಿಷ ಇದಕ್ಕಾಗಿ ಇಟ್ಟು, ಮುಂದಿನ ವಾರ ಯಾರ ಸರದಿ ಎಂದು ಬರೆದುಕೊಳ್ಳಬಹುದು. ಬರಲಾಗದ ದಿನ ಹಿಂದಿನ ರಾತ್ರಿಯೇ ತಿಳಿಸಿ. ವಾರಕ್ಕೊಮ್ಮೆ ತಪ್ಪದೆ ಬರುವ ಒಬ್ಬರು, ಉತ್ಸಾಹದಲ್ಲಿ ನಾಲ್ಕು ದಿನ ಬಂದು ಮಾಯವಾಗುವ ಹತ್ತು ಜನರಿಗಿಂತ ಆ ಮನೆಗೆ ಬೇಕಾದವರು. ತಾವು ತೀರಿಸಬೇಕಾದ ಮುಯ್ಯಿಯ ಮಾತನ್ನು ಮನೆಯವರೇ ಎತ್ತಿದರೆ ಬೇಡವೆನ್ನಬೇಡಿ. ಅಡಿಕೆ ಸುಲಿಯಲು ಒಂದು ರಾತ್ರಿ ಆ ತಂದೆ ನಿಮ್ಮ ಮನೆಗೆ ಬರಲಿ. ಪಡೆಯುವುದು ಮಾತ್ರವಾದಾಗ ಮನೆಯವರು ಕುಗ್ಗುತ್ತಾರೆ.

ಆಸ್ಪತ್ರೆಯ ದಿನ

ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ಯಾವ ಮೂಲೆಯಲ್ಲಿದ್ದರೂ ದೊಡ್ಡ ತಪಾಸಣೆಗೆ ಕೊನೆಗೆ ಬರಬೇಕಾದದ್ದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ, ಅಲ್ಲಿಂದಾಚೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ, ಕಿವಿ ಮತ್ತು ಮಾತಿನ ತೊಂದರೆಯಾದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ, ಇಲ್ಲವೇ ಘಟ್ಟ ಇಳಿದು ಮಣಿಪಾಲಕ್ಕೆ. ೨೦೨೫ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೂ ತುಮರಿ ಕಡೆಯ ತಾಯಂದಿರು ಮಗುವನ್ನೆತ್ತಿಕೊಂಡು ಶರಾವತಿಯ ಹಿನ್ನೀರಿನ ದಡದಲ್ಲಿ ಲಾಂಚ್ ಕಾಯಬೇಕಿತ್ತು. ಹೀಗೆ ದಾರಿಯೇ ಅರ್ಧ ದಿನ ತಿನ್ನುವ ಕಡೆ, ಜೊತೆಗೆ ಹೋಗುವವರು ಒಬ್ಬರಿದ್ದರೆ ಇಡೀ ದಿನದ ಸ್ವರೂಪವೇ ಬದಲಾಗುತ್ತದೆ.

ಜೊತೆಗೆ ಹೋಗುವವರು ಮಾಡಬೇಕಾದ ಕೆಲಸಗಳು ಸಣ್ಣವು, ಆದರೆ ಒಂದೊಂದೂ ಮುಖ್ಯ. ಹಿಂದಿನ ದಿನ ಫೋನು ಮಾಡಿ ವೈದ್ಯರು ಇದ್ದಾರೆಯೇ ಎಂದು ವಿಚಾರಿಸಿಕೊಳ್ಳಿ. ನಾವು ಒಮ್ಮೆ ವಿಚಾರಿಸದೆ ಹೋಗಿ, ವೈಕಲ್ಯದ ಪ್ರಮಾಣಪತ್ರ ಕೊಡುವ ವೈದ್ಯಕೀಯ ಮಂಡಳಿಯ ಒಬ್ಬರು ರಜೆಯಲ್ಲಿದ್ದ ಕಾರಣ, ಜಡಿಮಳೆಯಲ್ಲಿ ಮಗುವಿನೊಂದಿಗೆ ಬರಿಗೈಯಲ್ಲಿ ಮರಳಿದ್ದೇವೆ. ಆಸ್ಪತ್ರೆಯಲ್ಲಿ ತಾಯಿ ಮಗುವಿನೊಡನೆ ಕುಳಿತಿರಲಿ, ಚೀಟಿಯ ಸಾಲಿನಲ್ಲಿ ನೀವು ನಿಲ್ಲಿ. ವೈದ್ಯರ ಕೋಣೆಗೆ ತಾಯಿಯ ಒಪ್ಪಿಗೆ ಪಡೆದು ಒಳಗೆ ಹೋಗಿ, ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಳ್ಳಿ. ಕೇಳಬೇಕಾದ ಮೂರು ಪ್ರಶ್ನೆಗಳನ್ನು ಮನೆಯಲ್ಲೇ ಬರೆದು ತಂದಿರಿ, ಏಕೆಂದರೆ ಒಳಗೆ ಹೋದ ಮೇಲೆ ಮಗು ಅತ್ತರೆ ಎಲ್ಲವೂ ಮರೆತುಹೋಗುತ್ತದೆ. ಫಿಸಿಯೋಥೆರಪಿಸ್ಟ್ ವ್ಯಾಯಾಮ ತೋರಿಸುವಾಗ ಅವರನ್ನು ಕೇಳಿ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರೆ ಮನೆಯಲ್ಲಿ ಅದನ್ನು ನೋಡಿ ಕಲಿಯುವವರು ಇಬ್ಬರಾಗುತ್ತಾರೆ.

ಬಸ್ಸಿನ ವಿಷಯ ಒಂದಿಷ್ಟು. ಅಂಗವಿಕಲರ ರಿಯಾಯಿತಿ ಪಾಸು ಕೆಎಸ್‌ಆರ್‌ಟಿಸಿ ಬಸ್ಸುಗಳಲ್ಲಿ ವಾಸಸ್ಥಳದಿಂದ ೧೦೦ ಕಿಲೋಮೀಟರ್ ವ್ಯಾಪ್ತಿಗೆ ನಡೆಯುತ್ತದೆ. ತಾಯಿಗೆ ೨೦೨೩ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸಿನಲ್ಲಿ ಉಚಿತ ಪ್ರಯಾಣವಿದೆ. ಆದರೆ ಮಲೆನಾಡಿನ ಒಳದಾರಿಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸುಗಳು, ಅಲ್ಲಿ ಈ ಎರಡೂ ನಡೆಯುವುದಿಲ್ಲ. ಹಾಗಾಗಿ ಸರ್ಕಾರಿ ಬಸ್ಸು ಸಿಗುವ ದೊಡ್ಡ ನಿಲ್ದಾಣದವರೆಗೆ ಬೈಕಿನಲ್ಲೋ ಜೀಪಿನಲ್ಲೋ ತಲುಪಿಸುವವರು ಆ ಮನೆಗೆ ಪ್ರತಿ ಸಲವೂ ದುಡ್ಡನ್ನೇ ಉಳಿಸಿಕೊಡುತ್ತಾರೆ.

ಕಾಗದಪತ್ರ

ಕಾಗದದ ಕೆಲಸ ಊರಿನ ಓದಿದ ಯುವಕ ಯುವತಿಯರಿಗೆ ಹೇಳಿ ಮಾಡಿಸಿದ್ದು. ಮಗುವನ್ನು ಮುಟ್ಟಲು ಹೆದರುವವರೂ ಇದನ್ನು ಮಾಡಬಹುದು.

ಎಲ್ಲದಕ್ಕೂ ಮೊದಲು ಬೇಕಾದದ್ದು ಯುಡಿಐಡಿ, ಅಂದರೆ ಅಂಗವೈಕಲ್ಯದ ವಿಶಿಷ್ಟ ಗುರುತಿನ ಚೀಟಿ. ಅರ್ಜಿಯನ್ನು ಸ್ವಾವಲಂಬನ್ ಜಾಲತಾಣದಲ್ಲಿ ಹಾಕಬೇಕು. ಮಗುವಿನ ಆಧಾರ್, ಭಾವಚಿತ್ರ, ವಿಳಾಸದ ದಾಖಲೆ ಬೇಕು. ನಂತರ ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ವೈದ್ಯರು ಮಗುವನ್ನು ನೋಡಿ ಶೇಕಡಾವಾರು ಪ್ರಮಾಣವನ್ನು ನಿರ್ಧರಿಸುತ್ತಾರೆ. ಹೆಚ್ಚಿನ ಸೌಲಭ್ಯಗಳಿಗೆ ಶೇ ೪೦ ಅಥವಾ ಅದಕ್ಕಿಂತ ಹೆಚ್ಚಿನ ಪ್ರಮಾಣ ಬೇಕು. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯ್ದೆ ೨೧ ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಕೈಕಾಲು, ಕಣ್ಣು, ಕಿವಿ ಮಾತ್ರವಲ್ಲದೆ ಆಟಿಸಂ, ಕಲಿಕಾ ನ್ಯೂನತೆ, ಸ್ನಾಯುಕ್ಷಯ, ತಲಸ್ಸೇಮಿಯಾ, ಹಿಮೋಫಿಲಿಯಾ, ಕುಡಗೋಲು ಕಣದ ರಕ್ತಹೀನತೆ ಕೂಡ ಅದರಲ್ಲಿವೆ. ತಮ್ಮ ಮಗುವಿನ ರಕ್ತದ ಕಾಯಿಲೆಗೂ ಈ ಚೀಟಿ ಸಿಗಬಹುದೆಂಬುದು ಗೊತ್ತಿಲ್ಲದ ಮನೆಗಳು ಇವೆ. ಚಿಕ್ಕ ಮಕ್ಕಳಿಗೆ ಅನೇಕ ವೇಳೆ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಅದರ ಅವಧಿ ಮುಗಿಯುವ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ, ಇಲ್ಲದಿದ್ದರೆ ಮಾಸಾಶನ ಯಾವ ಸೂಚನೆಯೂ ಇಲ್ಲದೆ ನಿಂತುಹೋಗಬಹುದು. ಕೊಟ್ಟ ಪ್ರಮಾಣ ಸರಿಯಿಲ್ಲವೆನಿಸಿದರೆ ಮೇಲ್ಮನವಿ ಸಲ್ಲಿಸಲು ಕಾಯ್ದೆಯಲ್ಲೇ ಅವಕಾಶವಿದೆ.

ಇದರಲ್ಲೆಲ್ಲ ದಾರಿ ತೋರಿಸಬೇಕಾದವರು ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಊರವರ ಬಾಯಲ್ಲಿ ವಿಆರ್‌ಡಬ್ಲ್ಯು. ಅವರೂ ಸಾಮಾನ್ಯವಾಗಿ ವಿಕಲಚೇತನರೇ ಆಗಿರುವುದರಿಂದ ಕಷ್ಟ ಗೊತ್ತಿರುತ್ತದೆ. ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅವರ ಮೇಲೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಇರುತ್ತಾರೆ. ಮಾಸಾಶನದ ಅರ್ಜಿ ಮಾತ್ರ ಕಂದಾಯ ಇಲಾಖೆಗೆ, ಅಂದರೆ ನಾಡಕಚೇರಿಗೆ ಹೋಗಬೇಕು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇರುವ ಮಕ್ಕಳಿಗೆ ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯನ್ನು ತಪ್ಪದೆ ಮಾಡಿಸಿ. ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ಸಿಗುವ ಈ ವಿಮೆಯಲ್ಲಿ ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಥೆರಪಿಯ ಖರ್ಚಿಗೂ ಪಾಲಿದೆ, ಇದು ಬೇರೆ ವಿಮೆಗಳಲ್ಲಿ ಅಪರೂಪ. ಬಿಪಿಎಲ್ ಕುಟುಂಬಕ್ಕೆ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದಾಗ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ₹೫ ಲಕ್ಷದವರೆಗೆ ಅವಕಾಶವಿದೆ. ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಶೇ ೫ರಷ್ಟನ್ನು ವಿಕಲಚೇತನರಿಗಾಗಿ ಬಳಸಬೇಕೆಂಬ ನಿಯಮವಿದೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಈ ವರ್ಷ ಅದನ್ನು ಯಾವುದಕ್ಕೆ ಬಳಸಿದಿರಿ ಎಂದು ಕೇಳುವ ಕೆಲಸವನ್ನು ಮಗುವಿನ ತಂದೆಗೆ ಬಿಡದೆ ನೆರೆಯವರು ಮಾಡಿದರೆ, ಕೇಳಿದವರಿಗೆ ಮುಜುಗರವಿಲ್ಲ, ಉತ್ತರವೂ ಬೇಗ ಬರುತ್ತದೆ.

ಇನ್ನು, ಮಗುವಿನ ಬೆಳವಣಿಗೆಯಲ್ಲಿ ಏನೋ ವ್ಯತ್ಯಾಸವಿದೆಯೆಂದು ಮನೆಯವರಿಗೆ ಅನುಮಾನ ಮಾತ್ರ ಇರುವ ಹಂತದಲ್ಲಿ “ನಮ್ಮನೆ ಹುಡುಗನೂ ತಡವಾಗಿಯೇ ಮಾತಾಡಿದ್ದು” ಎಂದು ಸಮಾಧಾನ ಹೇಳಿ ವರ್ಷ ಕಳೆಯಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಂದು ಬಾರಿ ಬರುತ್ತದೆ. ಬರುವ ದಿನವನ್ನು ಅಂಗನವಾಡಿ ಕಾರ್ಯಕರ್ತೆಯಿಂದ ತಿಳಿದು ಆ ತಾಯಿಗೆ ಹೇಳಿ. ಹುಟ್ಟಿನಿಂದ ಕಿವುಡಿರುವ ಮಗುವಿಗೆ ಆರು ತಿಂಗಳೊಳಗೆ ಶ್ರವಣಯಂತ್ರ ಮತ್ತು ತರಬೇತಿ ಶುರುವಾದರೆ ಮಾತು ಬರುವ ಸಾಧ್ಯತೆ ಬಹಳ ಹೆಚ್ಚು. ನಾಲ್ಕೈದು ವರ್ಷ ಕಳೆದ ಮೇಲೆ ಅದೇ ಕೆಲಸ ಹಲವು ಪಟ್ಟು ಕಠಿಣ.

ಮಗುವನ್ನು ನೋಡಿಕೊಳ್ಳಲು ಕಲಿಯುವುದು

ನಿಜವಾದ ಬಿಡುವು ಸಿಗುವುದು ತಾಯಿ ಇಲ್ಲದಾಗಲೂ ಮಗು ನಿಶ್ಚಿಂತೆಯಿಂದಿರಬಲ್ಲ ಇನ್ನೊಬ್ಬರು ಸಿಕ್ಕಾಗ. ಅದಕ್ಕೆ ಕಲಿಯಬೇಕು. ಮೊದಲ ನಾಲ್ಕು ವಾರ ತಾಯಿ ಇರುವಾಗಲೇ ಹೋಗಿ, ಅವಳು ಮಾಡುವುದನ್ನು ನೋಡಿ, ಆಮೇಲೆ ಅವಳ ಕಣ್ಣೆದುರೇ ನೀವು ಮಾಡಿ.

ಉಣಿಸುವುದನ್ನು ನಾನು ಹೀಗೆ ಕಲಿತೆ. ಮೊದಲ ದಿನ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಲೆಯನ್ನು ಹಿಂದಕ್ಕೆ ವಾಲಿಸಿ, ಗಂಜಿಯ ತಿಳಿಯನ್ನು ಚಮಚದಲ್ಲಿ ಬಾಯಿಗೆ ಬಿಟ್ಟೆ. ಎರಡನೆಯ ಚಮಚಕ್ಕೇ ಕೆಮ್ಮು ಹತ್ತಿ, ಕಣ್ಣಲ್ಲಿ ನೀರು ಬಂದು, ಮುಖ ಕೆಂಪಾಯಿತು. ತಂಗಿ ಏನೂ ಹೇಳದೆ ಅವನನ್ನು ಎತ್ತಿ ಮೂಲೆಯ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿದಳು, ಪಾದಗಳ ಕೆಳಗೆ ಒಂದು ಮಣೆ ಇಟ್ಟಳು, ಗದ್ದ ತುಸು ಕೆಳಮುಖವಾಗುವಂತೆ ತಲೆಯ ಹಿಂದೆ ಬೆರಳುಗಳನ್ನು ಕೊಟ್ಟಳು. ತಿಳಿಯನ್ನು ಬಿಟ್ಟು ಅನ್ನವನ್ನೇ ನುಣ್ಣಗೆ ಮಸೆದು, ಚಮಚದ ತುದಿಯಷ್ಟನ್ನು ಕೆಳತುಟಿಗೆ ತಾಗಿಸಿ ಕಾದಳು. ಅವನೇ ಬಾಯಿ ಮುಚ್ಚಿ ಎಳೆದುಕೊಂಡ. ನುಂಗಿದ್ದು ಗಂಟಲಲ್ಲಿ ಕಂಡ ಮೇಲೆಯೇ ಮುಂದಿನ ತುತ್ತು. ತಲೆ ಹಿಂದಕ್ಕೆ ಹೋದರೆ ಉಸಿರಿನ ದಾರಿ ತೆರೆದು ಆಹಾರ ಶ್ವಾಸಕೋಶಕ್ಕೆ ಇಳಿಯುತ್ತದೆ. ಇಂಥ ಮಕ್ಕಳಿಗೆ ಮತ್ತೆ ಮತ್ತೆ ನ್ಯುಮೋನಿಯಾ ಬರಲು ಅದೊಂದು ದೊಡ್ಡ ಕಾರಣ. ನೀರಿಗಿಂತ ದಪ್ಪನೆಯ ಗಂಜಿಯನ್ನು ಸುಲಭವಾಗಿ ನುಂಗುವ ಮಕ್ಕಳು ಬಹಳ, ಆದರೆ ಯಾವ ಮಗುವಿಗೆ ಎಷ್ಟು ದಪ್ಪ ಎಂಬುದನ್ನು ವಾಕ್ ಚಿಕಿತ್ಸಕರು ನೋಡಿ ಹೇಳಬೇಕು. ಊಟದ ಬಳಿಕ ಅರ್ಧ ಗಂಟೆ ಮಲಗಿಸಬಾರದು. ನನ್ನ ಕೈಗೆ ಇದು ಹತ್ತಲು ಐದು ವಾರ ಬೇಕಾಯಿತು; ಆರನೆಯ ವಾರ ತಂಗಿ ಹಗಲಿನಲ್ಲಿ ಒಂದು ಗಂಟೆ ಮಲಗಿ ನಿದ್ರೆ ಮಾಡಿದಳು.

ಆ ಕುರ್ಚಿಯ ಬಗ್ಗೆ ಒಂದು ಮಾತು. ಎರಡು ಹಲಗೆಗಳನ್ನು ಗೋಡೆಯ ಮೂಲೆಯಂತೆ ಜೋಡಿಸಿ, ಮುಂದೆ ಒಂದು ಮಣೆ, ಎದೆಗೊಂದು ಮೆತ್ತನೆಯ ಪಟ್ಟಿ ಹಾಕಿದ ಅದನ್ನು ಊರಿನ ಬಡಗಿಯೇ ಮಾಡಿದ್ದು. ಅಳತೆಯನ್ನು ಫಿಸಿಯೋಥೆರಪಿಸ್ಟ್ ಬರೆದುಕೊಟ್ಟಿದ್ದರು. ಮಗು ಬೆಳೆದಂತೆ ಅಳತೆ ಬದಲಾಗುವುದರಿಂದ ಬಡಗಿ ಅದೇ ಊರಿನವರಾಗಿದ್ದರೆ ಅನುಕೂಲ.

ಎತ್ತುವ ಕ್ರಮವನ್ನೂ ಕಲಿಯಬೇಕು. ಸೊಂಟ ಬಗ್ಗಿಸಿ ಎಳೆಯದೆ, ಮಂಡಿ ಮಡಚಿ ಕುಳಿತು, ಮಗುವನ್ನು ಎದೆಗೆ ಒತ್ತಿಕೊಂಡು, ಕಾಲಿನ ಬಲದಿಂದ ಏಳಬೇಕು. ಮಗು ಇಪ್ಪತ್ತು ಕಿಲೋ ದಾಟಿದ ಮೇಲೆ ಇಬ್ಬರು ಎತ್ತುವುದೇ ಒಳ್ಳೆಯದು. ಇಷ್ಟನ್ನು ಯಾರೂ ಹೇಳಿಕೊಡದ ಕಾರಣ ಮೂವತ್ತೈದರ ಒಳಗೇ ಬೆನ್ನು ಹೋದ ತಾಯಂದಿರನ್ನು ನಾನು ಕಂಡಿದ್ದೇನೆ.

ಮೂರ್ಛೆರೋಗವಿರುವ ಮಗುವಿನ ಬಳಿ ಇರುವವರು ಇದನ್ನು ಬಾಯಿಪಾಠ ಮಾಡಿಕೊಳ್ಳಲಿ. ಫಿಟ್ಸ್ ಶುರುವಾದಾಗ ಮೊದಲು ಗಡಿಯಾರ ನೋಡಿ. ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಬಟ್ಟೆ ಇಟ್ಟು, ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ಜೊಲ್ಲು ಹೊರಗೆ ಹರಿಯಲಿ. ಬಾಯಿಗೆ ಚಮಚ, ಬೆರಳು, ನೀರು, ಮಾತ್ರೆ ಯಾವುದನ್ನೂ ಹಾಕಬಾರದು. ಕೈಕಾಲು ಅದುಮಿ ಹಿಡಿಯಬಾರದು. ಬೀಗದ ಕೈಯನ್ನೋ ಕತ್ತಿಯನ್ನೋ ಹಿಡಿಸುವುದರಿಂದ ಏನೂ ಆಗುವುದಿಲ್ಲ. ಫಿಟ್ಸ್ ಹೆಚ್ಚಾಗಿ ಎರಡು ಮೂರು ನಿಮಿಷದಲ್ಲಿ ತಾನೇ ನಿಲ್ಲುವುದರಿಂದ ಕಬ್ಬಿಣಕ್ಕೆ ಹೆಸರು ಬಂದಿದೆ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೊಮ್ಮೆ ಬಂದರೆ, ೧೦೮ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ತಲುಪಲು ಹೊತ್ತಾಗುವ ಒಂಟಿ ಮನೆಗಳಿಗೆ, ಮೂಗಿಗೆ ಸಿಂಪಡಿಸುವ ಔಷಧಿಯನ್ನು ವೈದ್ಯರು ಮೊದಲೇ ಬರೆದುಕೊಟ್ಟು ಬಳಸುವುದನ್ನು ಕಲಿಸುವುದುಂಟು. ಮುಂದಿನ ಭೇಟಿಯಲ್ಲಿ ಇದನ್ನು ಕೇಳಿ. ಬಾವಿಕಟ್ಟೆ, ಕೆರೆ, ಬಚ್ಚಲೊಲೆಯ ಹತ್ತಿರ ಇಂಥ ಮಗು ಒಂಟಿಯಾಗಿರಬಾರದು.

ಮಳೆಗಾಲ ಹಿಡಿಯುವ ಮುಂಚೆ

ಮೇ ತಿಂಗಳ ಕೊನೆಯ ವಾರ ಒಂದು ದಿನವನ್ನು ಈ ಕೆಲಸಕ್ಕೆ ಇಡಿ. ನಾಲ್ಕು ತಿಂಗಳ ಮಳೆಯಲ್ಲಿ ಈ ಮನೆಗಳಿಗೆ ಎದುರಾಗುವ ತೊಂದರೆ ಬಯಲುಸೀಮೆಯವರ ಊಹೆಗೆ ನಿಲುಕುವುದಿಲ್ಲ, ಯಾವ ಸರ್ಕಾರಿ ಕೈಪಿಡಿಯಲ್ಲೂ ನಾನು ಅದನ್ನು ಕಂಡಿಲ್ಲ.

ಮಾತ್ರೆಗಳನ್ನು ಕನಿಷ್ಠ ಒಂದು ತಿಂಗಳಿಗೆ ಹೆಚ್ಚುವರಿಯಾಗಿ ತಂದಿಡಬೇಕು, ಏಕೆಂದರೆ ಮರ ಬಿದ್ದು ರಸ್ತೆ ಕಟ್ಟಿದ ದಿನವೇ ಪಟ್ಟಿಯ ಕೊನೆಯ ಮಾತ್ರೆ ಮುಗಿಯುತ್ತದೆ. ಟೈಪ್ ೧ ಮಧುಮೇಹದ ಮಗುವಿದ್ದು ಕರೆಂಟು ದಿನಗಟ್ಟಲೆ ಇಲ್ಲವಾದರೆ, ಇನ್ಸುಲಿನ್ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒದ್ದೆ ಮಣ್ಣಿನ ಮಡಕೆಯೊಳಗೆ ತಂಪಾದ ಮೂಲೆಯಲ್ಲಿಡಬಹುದು. ಶ್ರವಣಯಂತ್ರಕ್ಕೆ ದೊಡ್ಡ ವೈರಿ ನಮ್ಮ ತೇವ: ರಾತ್ರಿ ಅದನ್ನು ಕಳಚಿ, ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ಕಾಲಿಗೆ ಆಧಾರವಾಗಿ ಕಟ್ಟುವ ಕ್ಯಾಲಿಪರ್‌ನ ಚರ್ಮದ ಪಟ್ಟಿಗೆ ಒಂದೇ ವಾರದಲ್ಲಿ ಬೂಷ್ಟು ಹಿಡಿಯುತ್ತದೆ, ಅದು ಮಗುವಿನ ಚರ್ಮವನ್ನೂ ಕೆಡಿಸುತ್ತದೆ. ಒಲೆಯ ಕಾವು ದೂರದಿಂದ ತಾಗುವ ಜಾಗದಲ್ಲಿ ಅದನ್ನು ತೂಗುಹಾಕಿ. ಫೈಲಿನಲ್ಲಿರುವ ಎಂಆರ್‌ಐ ಹಾಳೆಗಳು, ಪ್ರಮಾಣಪತ್ರ, ಭಾವಚಿತ್ರಗಳು ಒಂದಕ್ಕೊಂದು ಅಂಟಿಕೊಳ್ಳುವ ಮೊದಲು ಎಲ್ಲದರ ಫೋಟೋ ತೆಗೆದು ಮನೆಯವರ ಮೊಬೈಲಿನಲ್ಲೂ ನಿಮ್ಮ ಮೊಬೈಲಿನಲ್ಲೂ ಇಟ್ಟುಕೊಳ್ಳಿ.

ಅಂಗಳದಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಪಾಚಿ ಕಟ್ಟದಂತೆ ಉಜ್ಜಿ, ಅಡಿಕೆ ದಬ್ಬೆ ಹಾಸಿ, ಒಂದು ಕಡೆ ಹಿಡಿದುಕೊಳ್ಳಲು ಗಳು ಕಟ್ಟಿ. ಮಗುವನ್ನು ಹೊತ್ತ ತಾಯಿ ಜಾರಿದರೆ ಇಬ್ಬರೂ ಬೀಳುತ್ತಾರೆ. ಕಾಲುಸಂಕದ ಹಿಡಿಕೆಯನ್ನು ಊರವರು ಸೇರಿ ಗಟ್ಟಿ ಮಾಡಬಹುದು. ಬಟ್ಟೆ ಒಣಗದಿರುವುದು ಹೊರಗಿನವರಿಗೆ ಸಣ್ಣ ಸಂಗತಿಯಾಗಿ ಕಾಣುತ್ತದೆ. ಹತ್ತು ವರ್ಷದ ಮಗುವಿಗೂ ದಿನಕ್ಕೆ ಆರೇಳು ಸಲ ಬಟ್ಟೆ ಬದಲಿಸಬೇಕಾದ ಮನೆಯಲ್ಲಿ ಅದು ದಿನದ ದೊಡ್ಡ ಚಿಂತೆ. ಬಚ್ಚಲೊಲೆಯ ಮೇಲೆ ಬಟ್ಟೆ ಹರವಲು ನಿಮ್ಮ ಮನೆಯಲ್ಲಿ ಜಾಗವಿದ್ದರೆ ಒಂದು ಹೊರೆ ತಂದು ಒಣಗಿಸಿಕೊಡಿ.

ಶಾಲೆ

ಶೇ ೪೦ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿರುವ ಮಗುವಿಗೆ ೬ರಿಂದ ೧೮ ವರ್ಷದವರೆಗೆ ಉಚಿತ ಶಿಕ್ಷಣ ಕಾಯ್ದೆಬದ್ಧ ಹಕ್ಕು. ನೆರೆಹೊರೆಯ ಶಾಲೆ ಬೇಕೇ, ವಿಶೇಷ ಶಾಲೆ ಬೇಕೇ ಎಂಬ ಆಯ್ಕೆಯೂ ಮನೆಯವರದು. ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ಬಿಐಇಆರ್‌ಟಿ ಎಂದು ಕರೆಯುವ ಸಂಪನ್ಮೂಲ ಶಿಕ್ಷಕರಿರುತ್ತಾರೆ. ವೈದ್ಯಕೀಯ ಮೌಲ್ಯಾಂಕನ ಶಿಬಿರ, ಸಾಧನ ಸಲಕರಣೆ, ಸಾರಿಗೆ ಮತ್ತು ಬೆಂಗಾವಲು ಭತ್ಯೆ, ಶಾಲೆಗೆ ಬರಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣ ಎಲ್ಲವೂ ಅವರ ಮೂಲಕ ಬರಬೇಕಾದದ್ದು. ಹಾಜರಿ ಪುಸ್ತಕದಲ್ಲಿ ಹೆಸರಿದ್ದು, ಮಗು ಮಾತ್ರ ವರ್ಷವಿಡೀ ಮನೆಯ ಜಗಲಿಯಲ್ಲೇ ಇರುವುದನ್ನು ಒಪ್ಪಿಕೊಳ್ಳಬೇಡಿ. ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ನೀವಿದ್ದರೆ ಗೃಹಾಧಾರಿತ ಶಿಕ್ಷಣದ ಶಿಕ್ಷಕರು ಎಷ್ಟು ಸಲ ಬಂದರೆಂದು ತಿಂಗಳಿಗೊಮ್ಮೆ ಕೇಳಿ. ಶಿಬಿರದಲ್ಲಿ ಗಾಲಿಕುರ್ಚಿ ಕೊಡುವಾಗ ನಿಮ್ಮ ಮನೆಯ ದಾರಿಯ ಫೋಟೋ ತೋರಿಸಿ. ಕೆಸರಿನ ಇಳಿಜಾರಿನಲ್ಲಿ ಓಡದ ಗಾಲಿಕುರ್ಚಿಗಳು ನಮ್ಮ ಕೊಟ್ಟಿಗೆಗಳಲ್ಲಿ ತುಕ್ಕು ಹಿಡಿದು ನಿಂತಿವೆ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ಸಹಾಯ ಮೊದಲಾದವು ಸಿಗುತ್ತವೆ, ಅದಕ್ಕೆ ಶಾಲೆಯವರು ಮುಂಚಿತವಾಗಿ ಅರ್ಜಿ ಕಳಿಸಿರಬೇಕು.

ಮನೆಯ ಉಳಿದವರು

ಒಡಹುಟ್ಟಿದ ಮಕ್ಕಳನ್ನು ಎಲ್ಲರೂ ಮರೆಯುತ್ತಾರೆ. ಅಣ್ಣನಿಗೆ ಹುಷಾರಿಲ್ಲವೆಂದು ಜಾತ್ರೆ ತಪ್ಪಿಸಿಕೊಂಡ ತಂಗಿಯನ್ನು ನಿಮ್ಮ ಮಕ್ಕಳೊಡನೆ ಕರೆದುಕೊಂಡು ಹೋಗಿ. ಅವಳನ್ನು “ನೀನೇ ಮುಂದೆ ಅಣ್ಣನನ್ನು ನೋಡಿಕೊಳ್ಳಬೇಕು” ಎಂದು ಹೊಗಳುತ್ತಾ ಭಾರ ಹೊರಿಸಬೇಡಿ. ಮದುವೆ, ಗೃಹಪ್ರವೇಶದ ಕರೆಯೋಲೆ ಕೊಡುವಾಗ “ಒಬ್ಬರಾದರೂ ಬನ್ನಿ” ಎನ್ನದೆ, ಮಗುವನ್ನೂ ಕರೆತನ್ನಿ ಎಂದು ಬಾಯಿಬಿಟ್ಟು ಹೇಳಿ, ಗದ್ದಲವಿಲ್ಲದ ಒಂದು ಕೋಣೆಯನ್ನು ಅವರಿಗಾಗಿ ಬಿಡಿಸಿಡಿ. ತಾಯಿ ಊಟ ಬಿಟ್ಟಿದ್ದರೆ, ಯಾರೊಡನೆಯೂ ಮಾತು ಬೇಡವೆನ್ನುತ್ತಿದ್ದರೆ, ಬದುಕು ಸಾಕೆಂಬ ಮಾತು ಒಂದು ಸಲ ಬಂದರೂ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ೧೪೪೧೬ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು; ಮೊದಲ ಕರೆಯನ್ನು ಅವಳ ಪಕ್ಕದಲ್ಲಿ ಕುಳಿತು ನೀವೇ ಮಾಡಿಕೊಡಿ.

ಹದಿನೆಂಟರ ನಂತರ, ಮತ್ತು ಪಾಲುಪಟ್ಟಿ

ಇದು ನೆಂಟರಲ್ಲಿ ಹಿರಿಯರಾದವರಿಗೆ ಸೇರಿದ ಕೆಲಸ. ಹದಿನೆಂಟು ತುಂಬಿದ ದಿನದಿಂದ ತಂದೆತಾಯಿ ತಾವಾಗಿಯೇ ಕಾನೂನಿನ ಪಾಲಕರಾಗಿ ಮುಂದುವರಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇರುವವರಿಗೆ ೧೯೯೯ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಪಾಲಕರನ್ನು ನೇಮಿಸುತ್ತದೆ. ಅರ್ಜಿಯನ್ನು ಹುಟ್ಟುಹಬ್ಬದ ಆಸುಪಾಸಿನಲ್ಲೇ ಹಾಕಬೇಕು, ಬ್ಯಾಂಕಿನವರು ಸಹಿ ಕೇಳುವ ದಿನದವರೆಗೆ ಕಾಯಬಾರದು.

ತೋಟ ಹಿಸ್ಸೆಯಾಗುವಾಗ “ಅವನಿಗೇಕೆ ಪಾಲು, ನಾವೇ ನೋಡಿಕೊಳ್ಳುತ್ತೇವಲ್ಲ” ಎಂಬ ಮಾತು ನಮ್ಮ ಮನೆತನಗಳಲ್ಲಿ ಸಹಜವಾಗಿ ಬರುತ್ತದೆ, ಹೇಳುವವರ ಮನಸ್ಸಿನಲ್ಲಿ ಮೋಸವೂ ಇರುವುದಿಲ್ಲ. ಆದರೆ ವೈಕಲ್ಯವಿರುವವರಿಗೂ ಇತರರಂತೆಯೇ ಆಸ್ತಿ ಹೊಂದುವ, ಪಿತ್ರಾರ್ಜಿತದಲ್ಲಿ ಪಾಲು ಪಡೆಯುವ ಹಕ್ಕು ೨೦೧೬ರ ಕಾಯ್ದೆಯಲ್ಲಿ ಸ್ಪಷ್ಟವಾಗಿದೆ. ನೋಡಿಕೊಳ್ಳುತ್ತೇವೆಂದವರ ಮುಂದಿನ ತಲೆಮಾರು ಬೆಂಗಳೂರಿನಲ್ಲಿರುತ್ತದೆ. ಆದ್ದರಿಂದ ಎಷ್ಟು ಗುಂಟೆ, ಯಾವ ಮಗ್ಗುಲು, ಅದರ ಫಸಲನ್ನು ಯಾರು ಕೊಯ್ಯಿಸಿ ಯಾರ ಖಾತೆಗೆ ಹಾಕಬೇಕು, ಆ ಲೆಕ್ಕವನ್ನು ವರ್ಷಕ್ಕೊಮ್ಮೆ ಯಾರಿಗೆ ತೋರಿಸಬೇಕು ಎಂಬುದನ್ನು ವಕೀಲರಿಂದ ಬರೆಯಿಸಿ ನೋಂದಣಿ ಮಾಡಿಸಿ. ನಮ್ಮ ಚಿಕ್ಕಮ್ಮನ ಮನೆಯಲ್ಲಿ ಕಳೆದ ಬೇಸಿಗೆಯಲ್ಲಿ ಪಾಲಿನ ಮಾತುಕತೆ ನಡೆದಾಗ ಆ ಹುಡುಗನನ್ನೂ ಅವನ ಮೂಲೆಕುರ್ಚಿಯ ಸಮೇತ ಜಗಲಿಗೆ ತಂದು ಕೂರಿಸಿದೆವು. ಹೊಳೆಯ ಮಗ್ಗುಲಿನ ಹತ್ತು ಗುಂಟೆ ಯಾರಿಗೆಂದು ಭಾವ ಓದಿ ಹೇಳಿದಾಗ, ತನ್ನ ಹೆಸರು ಕೇಳಿ ಅವನು ತಲೆಯೆತ್ತಿ ನೋಡಿದ.